ಒಂಬತ್ತು ಉಸಿರಿನ ಫೋನು

ಹಳೇ ಹುಬ್ಬಳ್ಳಿಯ ಒಂದು ಗಲ್ಲಿಯಲ್ಲಿ ಫೋನೊಂದು ಬೀದಿನಾಯಿಗೆ ಬಿಸ್ಕಿಟ್ ಮಾರಲು ಹೋಗಿತ್ತು ಎಂದರೆ ಈಗಿನವರು ನಗುತ್ತಾರೆ. ನಗಲಿ. ಫೋನುಗಳಿಗೆ ಮೂಗು ಬಂದ ಹೊಸತರಲ್ಲಿ ನಡೆದ ಮಾತಿದು. ನಂಬದವರು ಶಾವಂತ್ರೆವ್ವನ ರೊಟ್ಟಿಮನೆ ಎಲ್ಲಿ ಎಂದು ಯಾವ ಆಟೋದವನನ್ನು ಕೇಳಿದರೂ ಬಾಗಿಲಿಗೇ ತಂದು ಬಿಡುತ್ತಾನೆ. ಎರಡು ರೊಟ್ಟಿ ತಿಂದು, ನೀರು ಕುಡಿದು, ಆಮೇಲೆ ವಿಚಾರಿಸಿಕೊಳ್ಳಬಹುದು.

ರೊಟ್ಟಿಮನೆ ಅಂದರೆ ಉದ್ದನೆಯ ತಗಡಿನ ಶೆಡ್ಡು. ಸಾಲಾಗಿ ಒಂಬತ್ತು ಒಲೆ, ಒಲೆಗೊಂದು ಹಂಚು, ಹಂಚಿಗೊಬ್ಬ ಹೆಣ್ಣುಮಗಳು. ಹದಿನಾರು ವರ್ಷದ ಹಿಂದೆ ಶಾವಂತ್ರೆವ್ವ ಮತ್ತು ಫಕೀರವ್ವ ಇಬ್ಬರೇ ಎರಡು ಒಲೆ ಹೂಡಿದ್ದರು. ಆಮೇಲೆ ಗಂಡ ಬಿಟ್ಟವರು, ಗಂಡನನ್ನು ಬಿಟ್ಟವರು, ಮಿಲ್ಲು ಮುಚ್ಚಿ ಬೀದಿಗೆ ಬಿದ್ದವರು ಒಬ್ಬೊಬ್ಬರಾಗಿ ಬಂದು ಸಾಲು ಒಂಬತ್ತಾಯಿತು. ಒಂಬತ್ತೂ ಮಂದಿ ಅದಕ್ಕೆ ಮೊದಲು ಕಂಡವರ ಮನೆಯ ಮುಸುರೆ ತಿಕ್ಕಿದವರು. ಈ ಶೆಡ್ಡು ಒಡೆದರೆ ಮತ್ತೆ ಆ ಮುಸುರೆಗೇ ಹೋಗಬೇಕು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಶಾವಂತ್ರೆವ್ವನಿಗೆ ಗೊತ್ತಿತ್ತು.

ಅವಳು ಹುಟ್ಟಾ ಸಂಶಯದ ಹೆಂಗಸು. ಹಾಲಿಗೆ ಬೆರಳದ್ದಿ ನೋಡದೆ ಕಾಯಿಸಿದವಳಲ್ಲ. ಜೋಳದ ಚೀಲವನ್ನು ಮೇಲಿಂದ ನೋಡದೆ ತಳದಿಂದ ಬಗೆದು ನೋಡುವವಳು. ಮದುವೆಯಲ್ಲಿ ತಾಳಿ ಕಟ್ಟುವಾಗಲೂ ಗಂಟು ಮೂರು ಬಿತ್ತೋ ಎರಡೋ ಎಂದು ಕುತ್ತಿಗೆ ತಿರುಗಿಸಿ ನೋಡಿದ್ದಳಂತೆ. ಅಂಥವಳ ಶೆಡ್ಡಿಗೇ ಮೂಗಿನ ಫೋನು ಬಂತು.

ಊರಿನ ಖಾನಾವಳಿಗಳೆಲ್ಲ ರೊಟ್ಟಿ ಹೇಳುವುದು ಒಂದೇ ನಂಬರಿಗೆ. ಹಾಗಾಗಿ ಒಂಬತ್ತು ಮಂದಿಗೂ ಒಂದೇ ಫೋನು. ಕೈಯೆಲ್ಲ ಹಿಟ್ಟಾಗಿರುವಾಗ ಯಾರೂ ಫೋನು ಹಿಡಿಯುವಂತಿಲ್ಲ. ಅದಕ್ಕೆ ಕೈ ಬಿಡುವಾದವರು ಎತ್ತಿ, ಆ ಕಡೆಯವರು ಯಾರನ್ನು ಕೇಳುತ್ತಾರೋ ಅವರ ಹೆಸರು ಕೂಗಿ, ಬಾಯಿ ಹತ್ತಿರ ಹಿಡಿಯುವುದು ಪದ್ಧತಿ. “ಏ ಹುಲಿಗೆವ್ವಾ, ನಿನಗ!” “ಕಾಶಿಂಬೀ, ನಿನ್ನ ಅಳಿಯಾ!” ಹೀಗೆ. ಹಳೆಯ ಫೋನು ಒಂದು ದಿನ ಕುದಿಯುವ ಎಸರಿನಲ್ಲಿ ಬಿದ್ದು ಬೆಂದುಹೋದಾಗ, ಘಮಘಮ ಎಂಬ ಕಂಪನಿಯವರು ಗಲ್ಲಿಗೆ ಬಂದು ಹೊಸ ಫೋನು ಪುಕ್ಕಟೆ ಕೊಟ್ಟರು. ಒಂದೇ ಷರತ್ತು. ನಡುನಡುವೆ ಫೋನು ತಾನಾಗಿ ಮಾತಾಡುತ್ತದೆ, ಕೇಳಿಸಿಕೊಳ್ಳಬೇಕು. ಬೇಕಾದರೆ “ಹೂಂ” ಅನ್ನಬೇಕು. ಹೂಂ ಅಂದರೆ ಸಾಮಾನು ಮನೆಗೆ ಬರುತ್ತದೆ.

ಪುಕ್ಕಟೆ ಎಂದು ಕೇಳಿದೊಡನೆ ಶಾವಂತ್ರೆವ್ವ ಆ ಫೋನನ್ನು ಮೂರು ದಿನ ಮುಟ್ಟಿರಲಿಲ್ಲ.

ನಾಲ್ಕನೇ ದಿನ ಅದು ಮಾತಾಡಿತು. ದನಿ ಬಲು ಸವಿ, ಪಕ್ಕದ ಮನೆಯ ಸೊಸೆ ಸಕ್ಕರೆ ಕೇಳಲು ಬಂದ ಹಾಗೆ.

“ಹುಲಿಗೆವ್ವಕ್ಕಾ, ದಾಡಿಹಲ್ಲು ಚಳಕ್ ಅಂತೈತಲ್ಲ? ಲವಂಗದ ಪೇಸ್ಟು ಬಂದೈತಿ ನೋಡು. ಹೂಂ ಅನ್ನು, ಕಳಸ್ತೀನಿ.”

ಹುಲಿಗೆವ್ವನ ಕೈಯಲ್ಲಿದ್ದ ರೊಟ್ಟಿ ಅರ್ಧಕ್ಕೇ ನಿಂತಿತು. ಹಲ್ಲುನೋವಿನ ಮಾತನ್ನು ಅವಳು ಹೇಳಿದ್ದು ಶಾವಂತ್ರೆವ್ವನಿಗೆ ಮಾತ್ರ.

ಮಾರನೆಯ ದಿನ ಕಾಶಿಂಬಿಯ ಸರದಿ. “ಕಾಶಿಂಬಿಯಕ್ಕಾ, ತಂಬಾಕ ತಿಂದಿದ್ದು ಮನ್ಯಾಗ ಗೊತ್ತಾಗಬಾರದು ಅಂದ್ರ ಏಲಕ್ಕಿ ಗುಳಿಗಿ ತೊಗೊ.” ಗುಟ್ಟಾಗಿ ಗಲ್ಲದಲ್ಲಿ ತಂಬಾಕು ಇಟ್ಟುಕೊಳ್ಳುತ್ತಿದ್ದ ಕಾಶಿಂಬಿಗೆ, ಅಳಿಯ ಬಾಗಿಲಲ್ಲೇ ನಿಂತಿದ್ದ ಹೊತ್ತಿಗೆ ಈ ಮಾತು! ಅವಳು ಮುಖಕ್ಕೆ ಸೆರಗು ಹಾಕಿಕೊಂಡು, “ಯಾವಾಕಿ ಚಾಡಿ ಹೇಳಿದ್ದು, ಮುಂದ ಬರ್ರಿ!” ಎಂದು ಲಟ್ಟಣಿಗೆ ಎತ್ತಿದಳು. ರೊಟ್ಟಿ ಬಡಿಯುವ ಮನೆಯಲ್ಲಿ ಲಟ್ಟಣಿಗೆ ಎಲ್ಲಿಂದ ಬಂತೆಂದು ಇವತ್ತಿಗೂ ಗೊತ್ತಿಲ್ಲ, ಆದರೆ ಎತ್ತಿದ್ದು ಮಾತ್ರ ಖರೆ.

ಅಲ್ಲಿಂದ ಶೆಡ್ಡಿನ ಗಾಳಿಯೇ ಕೆಟ್ಟಿತು. ಒಬ್ಬರು ಮಾತಾಡಿದರೆ ಇನ್ನೊಬ್ಬರು ಸುಮ್ಮನಾಗುವರು. ಹೂಂ ಅನ್ನುವುದಕ್ಕೂ ಭಯ. ಯಾರೋ ಕತೆ ಹೇಳುವಾಗ ಒಬ್ಬಳು ರೂಢಿಯಂತೆ ಹೂಂ ಅಂದಿದ್ದಕ್ಕೆ ಸಂಜೆ ಒಂದು ಡಬ್ಬಿ ಪೌಡರು ಬಂದು ಕೂತಿತ್ತು. ಅವತ್ತಿನಿಂದ ಆ ಗಲ್ಲಿಯಲ್ಲಿ ಹೂಂ ಅನ್ನುವ ಮಾತೇ ಅಳಿಸಿಹೋಗಿ ಜನ ತಲೆಯನ್ನಷ್ಟೇ ಆಡಿಸತೊಡಗಿದರು. ಕೂಸಿಗೆ ಜೋಗುಳ ಹಾಡುವಾಗಲೂ ಹಾಗೇ!

ಹೀಗೇ ಐದಾರು ತಿಂಗಳು ಕಳೆದ ಮೇಲೆ ಹುಲಿಗೆವ್ವ ಒಂದು ದಿನ ಹಂಚನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಎದ್ದಳು. “ನಂಬಿಕಿ ಇಲ್ಲದ ಕಡೆ ನನ್ನ ಒಲಿ ಉರಿಯೂದಿಲ್ಲವಾ. ಚಾಡಿಕೋರಿ ಯಾರು ಅನ್ನೂದು ಗೊತ್ತಾಗಲಿಲ್ಲಂದ್ರ ಬರೂ ಅಮಾಸಿಗೆ ನಾ ಬ್ಯಾರೆ.”

“ಆಕಿ ಹ್ವಾದ್ರ ನಾನೂ ಬ್ಯಾರೆ,” ಎಂದಳು ಕಾಶಿಂಬಿ.

“ಅಮಾಸಿ ತನಕ ತಡೀರಿ,” ಎಂದಳು ಶಾವಂತ್ರೆವ್ವ. “ಯಾರು ಅಂತ ಹುಡುಕಿ ಕೊಡತೀನಿ. ಹುಡುಕಲಿಲ್ಲ ಅಂದ್ರ ಈ ಶೆಡ್ಡಿಗೆ ನಾನ ಬೀಗಾ ಹಾಕತೀನಿ.”

ಆಗಲೇ ನಾಯಿಯ ಪ್ರಸಂಗ ನಡೆದದ್ದು. ಫೋನು ಕಟ್ಟೆಯ ಮೇಲಿತ್ತು. ಗಲ್ಲಿಯ ಕೆಂಚನಾಯಿ ಬಂದು ಅದನ್ನು ಮೂಸಿತು. ಫೋನು ತಿರುಗಿ ನಾಯಿಯನ್ನು ಮೂಸಿತು. “ಅಣ್ಣಾರ, ಹೊಟ್ಟಿ ಖಾಲಿ ಐತಿ, ಬಾಯಿ ವಾಸನಿ ಬಾಳ ಐತಿ. ಹಾಲಿನ ಬಿಸ್ಕಿಟ್ ಕಳಸ್ಲೇನು?” ನಾಯಿ ಒಮ್ಮೆ ಬೊಗಳಿತು. ಫೋನು ಅದನ್ನೇ ಹೂಂ ಎಂದು ತಿಳಿಯಿತು. ಸಂಜೆಗೆ ಒಂದು ಪುಡಿಕೆ ಬಿಸ್ಕಿಟ್ ಬಂತು. ಕೆಂಚ ಅದನ್ನು ಬಲು ಮರ್ಯಾದೆಯಿಂದ ಕೂತು ತಿಂದಿತು.

ಓದು ಬಲ್ಲ ಸುಮಿತ್ರಾ, ಒಂಬತ್ತರಲ್ಲಿ ಕಿರಿಯವಳು, ಹೊಟ್ಟೆ ಹಿಡಿದು ನಕ್ಕಳು. ಶಾವಂತ್ರೆವ್ವ ನಗಲಿಲ್ಲ.

“ನಾಯಿ ಸುದ್ದಿ ಯಾರೂ ಚಾಡಿ ಹೇಳಿಲ್ಲ. ಹಂಗಾರ ಇದು ಮೂಸತೈತಿ,” ಎಂದಳು. ತಲೆಗೆ ಸೆರಗು ಹಾಕಿಕೊಂಡು ನೇರ ಘಮಘಮ ಕಂಪನಿಗೆ ನಡೆದಳು.

ಕಂಪನಿ ಇದ್ದದ್ದು ಒಂದು ಗಾಜಿನ ಕಟ್ಟಡದ ಮೂರನೇ ಮಹಡಿಯಲ್ಲಿ. ಒಳಗೆ ಚಳಿಯೋ ಚಳಿ. ಅಲ್ಲಿ ಮೇಲ್ವಿಚಾರಣೆಗಿದ್ದವನು ವಿದ್ಯಾಧರ ಹೊಸಮನಿ, ನಲವತ್ತು ದಾಟಿದ, ಹೊಟ್ಟೆ ಬಂದ, ರೊಟ್ಟಿಮನೆಯ ರೊಟ್ಟಿಯನ್ನೇ ಖಾನಾವಳಿಯಲ್ಲಿ ತಿಂದುಕೊಂಡು ಬಂದವನು. ಅವಳ ಹೆಸರು ಕೇಳಿ ಎದ್ದು ನಿಂತ.

“ಬರ್ರಿ ಅಕ್ಕಾರ. ಮೂಗು ಐತ್ರಿ, ಸುಳ್ಳ್ಯಾಕ ಹೇಳಲಿ. ಮಾತಾಡೂ ತೂತಿನ ಹಿಂದ ಸಾಸಿವಿಕಾಳಿನಷ್ಟು ಚಿಪ್ಪು ಐತಿ. ಉಸರಾಗ ಇರೂ ನೂರಾರು ವಾಸನಿ ಅದು ಹಿಡೀತೈತಿ. ಹೊಟ್ಟಿ ಹಸದಿದ್ರ ಒಂದು ವಾಸನಿ, ಹಲ್ಲು ಹುಳಕಾಗಿದ್ರ ಒಂದು, ಸಿಟ್ಟು ಬಂದಿದ್ರ ಇನ್ನೊಂದು. ಒಬ್ಬರ ಉಸರು ಇನ್ನೊಬ್ಬರಂಗ ಇರೂದಿಲ್ರಿ, ಹೆಬ್ಬಟ್ಟಿದ್ದಂಗ. ಯಾರಿಗೆ ಏನು ಬೇಕೋ ಅದನ್ನ ಅವರಿಗೆ ಹೇಳತೈತಿ. ಬ್ಯಾಡಾದ್ದು ಹೇಳಿ ತಲಿ ತಿನ್ನೂದಿಲ್ಲ. ಸೇವಾ ಅಂತ ತಿಳೀರಿ.”

“ಸೇವಾ,” ಎಂದಳು ಶಾವಂತ್ರೆವ್ವ. “ಹಲ್ಲು ನೋಯೂದು ಉಸರಾಗ ಗೊತ್ತಾಗಲಿ. ಹುಲಿಗೆವ್ವ ಅನ್ನೂ ಹೆಸರೂ ಉಸರಾಗ ಇರತೈತೇನು?”

ವಿದ್ಯಾಧರ ಕೆಮ್ಮಿದ. “ಅದು… ಹೆಸರು ನಿಮ್ಮ ಮನಿಯವರ ಯಾರಾರ ಹೇಳಿರ್ತಾರ್ರಿ. ಅದರ ಮ್ಯಾಲೆ ನನ್ನ ಕೇಳಬ್ಯಾಡ್ರಿ, ಕಂಪನಿ ಗುಟ್ಟು.”

ಅವಳು ಎದ್ದು ಹೊರಡುವಾಗ ಸುತ್ತ ಕಣ್ಣಾಡಿಸಿದಳು. ಅಲ್ಲಿ ಮೂವತ್ತು ಜನ ಕೆಲಸ ಮಾಡುತ್ತಿದ್ದರು. ಮೂವತ್ತೂ ಜನರ ಮೇಜಿನ ಮೇಲೆ ಹಳೆಯ ಗುಂಡಿ ಒತ್ತುವ ಫೋನುಗಳಿದ್ದವು. ಮೂಗಿನ ಫೋನು ಒಬ್ಬರ ಹತ್ತಿರವೂ ಇರಲಿಲ್ಲ.

ತಿರುಗಿ ಬರುವ ದಾರಿಯುದ್ದಕ್ಕೂ ಆ ಮಾತು ಅವಳ ತಲೆಯಲ್ಲಿ ಕೊರೆಯಿತು. ಮನೆಯವರೇ ಹೇಳಿರುತ್ತಾರೆ. ಅಂದರೆ ಒಳಗೆ ಒಬ್ಬ ಏಜೆಂಟಳು ಇದ್ದಾಳೆ. ಯಾರು? ಹದಿನಾರು ವರ್ಷದಿಂದ ಬಸ್ಸಿನಲ್ಲಿ ಓಡಾಡಿ ಕಂಡಿದ್ದ ಒಂದು ಸಂಗತಿ ಅವಳ ಸಹಾಯಕ್ಕೆ ಬಂತು. ಕಂಡಕ್ಟರನ ಹೆಂಡತಿಗೆ ಯಾರೂ ಟಿಕೆಟ್ ಕೇಳುವುದಿಲ್ಲ. ಕಂಪನಿ ತನ್ನ ಸ್ವಂತ ಮನುಷ್ಯಳಿಗೆ ಸಾಮಾನು ತೊಗೊ ಎಂದು ಗಂಟುಬೀಳುವುದುಂಟೇ? ಫೋನು ಯಾರಿಗೆ ಏನೂ ಮಾರುವುದಿಲ್ಲವೋ ಅವಳೇ ಕಂಪನಿಯವಳು!

ಮರುದಿನ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಒಂಬತ್ತು ಮಂದಿಯನ್ನೂ ಸಾಲಾಗಿ ಕೂರಿಸಿದಳು. ನಡುವೆ ಮಣೆ ಹಾಕಿ ಅದರ ಮೇಲೆ ಫೋನು ಇಟ್ಟಳು.

“ಒಬ್ಬೊಬ್ಬರ ಬಂದು ಊದ್ರಿ. ಏನ ಬಂದ್ರೂ ಯಾರೂ ನಗಬಾರದು.”

ನಗದೆ ಇರುವುದು ಹೇಗೆ? ಹುಲಿಗೆವ್ವ ಊದಿದಳು. “ಅಕ್ಕಾ, ಮುಂಜಾನೆ ಎದ್ದ ಕೂಡಲೆ ಬೆಲ್ಲ ತಿಂದೀಯಲ್ಲ, ಇಲ್ಲಿ ಅಸಲಿ ಬೆಲ್ಲದ ಉಂಡಿ ಐತಿ.” ಕಾಶಿಂಬಿ ಬಾಯಿ ತೊಳೆದು, ಮತ್ತೆ ತೊಳೆದು, ಊದಿದಳು. “ಅಕ್ಕಾ, ಎಷ್ಟು ತೊಳದ್ರೂ ತಂಬಾಕ ತಂಬಾಕನ.” ಸುಮಿತ್ರಾ ಊದಿದ್ದೇ ತಡ, “ತಂಗೀ, ಎದಿ ಬಾಳ ಹೊಡಕೊಳ್ಳಾಕತ್ತೈತಿ, ಹೊಸಾ ಪ್ರೀತಿ ಇರಬೇಕು, ಗುಲಾಬಿ ಸೆಂಟು ಬೇಕೇನು?” ಸುಮಿತ್ರಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಇನ್ನುಳಿದವರಲ್ಲೂ ಒಬ್ಬಳಿಗೆ ಬಿಸಿಲು ಗುಳ್ಳೆಯ ಮುಲಾಮು, ಒಬ್ಬಳಿಗೆ ಹೊಟ್ಟೆಯುಬ್ಬರದ ಚೂರ್ಣ, ಹೀಗೆ ಒಂದೊಂದು ಬಂತು.

ಶಾವಂತ್ರೆವ್ವ ತಾನೂ ಊದಿದಳು.

“ಶಾವಂತ್ರೆವ್ವಕ್ಕಾ, ದಿನಾ ಕದ್ದು ತಿನ್ನೂ ಬೇಕರಿ ಬ್ರೆಡ್ಡು ನಿನ್ನಿದು ಹಳೇದಿತ್ತು. ಇವತ್ತಿಂದ ತಾಜಾ ಕಳಸ್ಲೇನು?”

ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. “ಊರಿಗೆಲ್ಲ ಜ್ವಾಳದ ರೊಟ್ಟಿ, ತನಗ ಮೆತ್ತಾನ ಬ್ರೆಡ್ಡು! ಎಂಥಾ ಕಳ್ಳಿ ಬೇ ನೀ!” ಎಂದು ಕಾಶಿಂಬಿ ಕಣ್ಣೀರು ಒರೆಸಿಕೊಂಡಳು.

“ಹಲ್ಲು ಅಲುಗಾಡತಾವು, ಏನ ಮಾಡಲಿ,” ಎಂದು ಗೊಣಗಿ ಶಾವಂತ್ರೆವ್ವ ಕಡೆಯವಳ ಕಡೆ ತಿರುಗಿದಳು. “ಫಕೀರವ್ವಾ, ಬಾ.”

ಫಕೀರವ್ವ ಮಾತು ಕಮ್ಮಿಯ ಹೆಂಗಸು. ಅವಳ ರೊಟ್ಟಿ ಮಾತ್ರ ಬೆಳ್ಳಗೆ, ಎಲೆಯಷ್ಟು ತೆಳ್ಳಗೆ. ಈಚೆಗೆ ವಾರದಲ್ಲಿ ನಾಲ್ಕು ದಿನ ಉಪವಾಸ ಎನ್ನುತ್ತಿದ್ದಳು. ಬಂದು ಕೂತಳು. ಊದಿದಳು.

ಫೋನು ಸುಮ್ಮನಿತ್ತು.

“ಜೋರಾಗಿ ಊದು.”

ಊದಿದಳು. ಕಿಟಕಿಯಲ್ಲಿ ಗುಬ್ಬಿ ಕೂಗಿದ್ದು ಕೇಳಿಸಿತು, ಅಷ್ಟೇ. ಮೂರನೇ ಸಲವೂ ಏನಿಲ್ಲ. ಫೋನು ಕೆಟ್ಟಿತೇ ಎಂದು ಹುಲಿಗೆವ್ವ ಊದಿ ನೋಡಿದಳು. ಮತ್ತೆ ಬೆಲ್ಲದ ಉಂಡೆಯೇ ಬಂತು.

ನಗು ಎಲ್ಲರ ಮುಖದಲ್ಲೂ ಆರಿತು.

“ನಾಯಿನೂ ಬಿಟ್ಟಿಲ್ಲ ಅದು,” ಎಂದಳು ಹುಲಿಗೆವ್ವ ನಿಧಾನವಾಗಿ. “ನಿನ್ನೊಬ್ಬಾಕಿನ್ನ ಯಾಕ ಬಿಟ್ಟೈತಿ?”

“ನನಗೇನ ಗೊತ್ತವಾ.”

“ಫೋನು ಎತ್ತಿ ಎತ್ತಿ ಎಲ್ಲಾರ ಬಾಯಿಗೂ ಹಿಡಿಯಾಕಿ ನೀನ ಅಲ್ಲೇನು, ಮೊದಲ ನಿನ್ನ ರೊಟ್ಟಿನ ಮುಗೀತಾವಲ್ಲ,” ಎಂದಳು ಕಾಶಿಂಬಿ. “ನಮ್ಮ ಹೆಸರು ನೀನ ಮಾರಿದಿ. ಅಲ್ಲಾ ನೋಡಕೋತಾನ!”

ಫಕೀರವ್ವ ಶಾವಂತ್ರೆವ್ವನನ್ನೇ ನೋಡಿದಳು. “ನೀ ಏನಂತೀ, ಶಾವಂತ್ರಿ?”

ಶಾವಂತ್ರೆವ್ವನ ಎದೆ ಒಂದು ಕಡೆ ಎಳೆಯಿತು, ತಲೆ ಇನ್ನೊಂದು ಕಡೆ ಎಳೆಯಿತು. ಜೀವಮಾನವೆಲ್ಲ ತಲೆಯ ಮಾತನ್ನೇ ಕೇಳಿದವಳು. ಇತ್ತ ಒಬ್ಬಳು, ಅತ್ತ ಒಡೆಯಲು ಸಿದ್ಧವಾದ ಏಳು ಮಂದಿ.

“ಫೋನು ಸುಳ್ಳ ಹೇಳಿದ್ದು ನಾ ಇನ್ನೂ ಕಂಡಿಲ್ಲ,” ಎಂದಳು.

ಫಕೀರವ್ವ ಎದ್ದಳು. ತನ್ನ ಹಂಚನ್ನು ಒಲೆಯಿಂದ ಇಳಿಸಿ, ಬೂದಿ ತಟ್ಟಿ, ಸೆರಗಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಬಾಗಿಲ ಹತ್ತಿರ ನಿಲ್ಲಲಿಲ್ಲ, ತಿರುಗಿ ನೋಡಲಿಲ್ಲ. ಹುಲಿಗೆವ್ವ ಹಂಚು ಬಿಚ್ಚಿ ಮತ್ತೆ ಒಲೆಗಿಟ್ಟಳು. ಮನೆ ಉಳಿಯಿತು ಎಂದು ಎಲ್ಲರೂ ಉಸಿರು ಬಿಟ್ಟರು.

ಫಕೀರವ್ವನ ಒಲೆಗೆ ಗಿರಿಜವ್ವ ಎಂಬ ಹೊಸಬಳು ಬಂದಳು. ಆಮೇಲೆ ಸಂಶಯದ ಇನ್ನೊಂದು ಮೊಳಕೆ ಒಡೆಯಿತು. ಗಿರಿಜವ್ವ ಬಂದ ಎರಡನೇ ದಿನಕ್ಕೇ ಫೋನು, “ಗಿರಿಜವ್ವಕ್ಕಾ, ಹೊಸಾ ಕೆಲಸಾ, ಕೈ ಸುಟ್ಟಾವಲ್ಲ, ಮುಲಾಮು ಐತಿ,” ಎಂದುಬಿಟ್ಟಿತು.

ಶಾವಂತ್ರೆವ್ವನ ಕೈಯಲ್ಲಿದ್ದ ಹಿಟ್ಟು ಬಿಗಿಯಾಯಿತು. ಚಾಡಿಕೋರಿ ಹೋಗಿ ಹತ್ತು ದಿನವಾಗಿದೆ. ಹಾಗಾದರೆ ಇವಳ ಹೆಸರು ಹೇಳಿದವರು ಯಾರು?

ಮತ್ತೆ ಮೂರನೇ ಮಹಡಿ. ಈ ಸಲ ಕೈಯಲ್ಲಿ ಒಂದು ಗಂಟು, ಒಳಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ವಿದ್ಯಾಧರನ ಬಾಯಿ ರೊಟ್ಟಿಯಿಂದ ತುಂಬುವ ತನಕ ಅವಳು ಒಂದು ಮಾತೂ ಆಡಲಿಲ್ಲ. ತುಂಬಿದ ಮೇಲೆ ಕೇಳಿದಳು.

“ಹೆಸರು ಹೇಳಿದಾಕಿ ಯಾರು?”

“ಯಾರೂ ಅಲ್ರಿ, ಅಕ್ಕಾರ,” ಎಂದ ಅವನು ಅಗಿಯುತ್ತ. ಚಟ್ನಿಯ ಖಾರಕ್ಕೋ ಏನೋ ಕಣ್ಣಲ್ಲಿ ನೀರಿತ್ತು. “ನೀವ ಹೇಳಿದ್ರಿ. ಹೆಸರು ಕೂಗಿ ಕೂಗಿ ಬಾಯಿಗೆ ಹಿಡೀತೀರಲ್ಲ? ಅದಕ್ಕ ಕಿವಿನೂ ಐತಿ. ಹೆಸರು ಕೇಳಿದ ಕೂಡಲೆ ಯಾರ ಉಸರು ಬರತೈತೋ, ಎರಡನ್ನೂ ಗಂಟಹಾಕಿ ಇಟ್ಟಕೋತೈತಿ. ಅವತ್ತ ಹೇಳಬೇಕಿತ್ತು, ಹೇಳಿದ್ರ ನನ್ನ ನೌಕರಿ ಹೋಕ್ಕಿತ್ತು.”

“ಹಂಗಾರ ಫಕೀರವ್ವ ನಿಮ್ಮ ಏಜೆಂಟಳು ಅಲ್ಲ?”

“ಯಾವ ಫಕೀರವ್ವ?”

“ನಿಮ್ಮ ಫೋನು ಆಕಿಗೆ ಏನೂ ಮಾರೂದಿಲ್ಲ. ಮೂರು ಸಲ ಊದಿದ್ರೂ ಸುಮ್ಮನಿತ್ತು.”

ವಿದ್ಯಾಧರ ಅಗಿಯುವುದನ್ನು ನಿಲ್ಲಿಸಿದ. ಕೈ ಒರೆಸಿಕೊಂಡು ಗೋಡೆಯ ಕಡೆ ಹೋದ. ಆ ಗೋಡೆ ಇಡೀ ಒಂದು ಪರದೆ. ಅದರ ತುಂಬ ಸಾಸಿವೆ ಚೆಲ್ಲಿದ ಹಾಗೆ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆ ಊರಿನ ಒಂದೊಂದು ಉಸಿರು. ಅವನು ಏನೋ ಒತ್ತಿದ. ರೊಟ್ಟಿಮನೆಯ ನಂಬರು ದೊಡ್ಡದಾಗಿ ಬಂತು. ಹಸಿರು ಚುಕ್ಕೆಗಳ ನಡುವೆ ಒಂದು ಕಪ್ಪಗೆ ಆರಿತ್ತು.

“ಏನದು?”

“ಅದು… ಬಂದ್ ಮಾಡಿದ್ದು, ಅಕ್ಕಾರ. ಯಾರೂ ಕೈಯಾರೆ ಮಾಡೂದಿಲ್ಲ, ಯಂತ್ರನ ಮಾಡತೈತಿ. ಕೆಲವರ ಉಸರಾಗ ಒಂಥರಾ ವಾಸನಿ ಬರತೈತಿ. ಮೈಯೊಳಗ ಏನೋ ಕೆಡಾಕತ್ತಿರತೈತಿ. ಅಂಥವರು ಮುಂದಿನ ವರ್ಷ ಸಾಬೂನು ತೊಗೊಳ್ಳೂದಿಲ್ಲ, ಸೀರಿ ತೊಗೊಳ್ಳೂದಿಲ್ಲ ಅಂತ ಅದು ಲೆಕ್ಕಾ ಹಾಕತೈತಿ. ಅವರಿಗೆ ಮಾತಾಡೂದು ದಂಡ ಅಂತ ಸುಮ್ಮನಾಗತೈತಿ.”

“ಯಾವಾಗಿನಿಂದ ಐತಿ ಇದು?”

ಅವನು ಬಗ್ಗಿ ಓದಿದ. “ಐದು ತಿಂಗಳು.”

“ಐದು ತಿಂಗಳಿಂದ ನಿನಗ ಗೊತ್ತೈತೇನು ತಮ್ಮಾ?”

“ನನಗಲ್ರಿ! ಯಾರೂ ನೋಡೂದಿಲ್ಲ. ಹಸರು ಚುಕ್ಕಿ ಇದ್ದವರಿಗೆ ಏನು ಮಾರೂದು ಅನ್ನೂದ ನಮ್ಮ ಕೆಲಸ. ಹೇಳೂದಕ್ಕೂ ಬರೂದಿಲ್ಲ. ರೋಗದ ಹೆಸರೆತ್ತಿದ್ರ ಲೈಸನ್ಸ್ ಇಲ್ಲದ ವೈದ್ಯಕೀ ಮಾಡಿದ್ರಿ ಅಂತ ಸರಕಾರ ಹಿಡೀತೈತಿ ಅಂತಾರ ನಮ್ಮ ವಕೀಲರು.”

ಶಾವಂತ್ರೆವ್ವ ಪರದೆಯನ್ನೇ ನೋಡಿದಳು. ಹಸಿರಿನ ನಡುವೆ ಅಲ್ಲಲ್ಲಿ ಕಪ್ಪು. ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಕಪ್ಪೇ ಕಾಣತೊಡಗಿತು. ಆ ಗಲ್ಲಿಯಲ್ಲಿ ಒಂದು, ಈ ಪೇಟೆಯಲ್ಲಿ ಎರಡು, ಸ್ಟೇಷನ್ನಿನ ಹಿಂದೆ ನಾಲ್ಕು. ಅವರೆಲ್ಲ ಈ ಹೊತ್ತಿನಲ್ಲಿ ಚಹಾ ಕುಡಿಯುತ್ತಿರಬಹುದು, ಕೂಸಿನ ತಲೆ ಬಾಚುತ್ತಿರಬಹುದು. ಫೋನಿನ ಕಾಟ ತಪ್ಪಿತು ಎಂದು ಖುಷಿಯಲ್ಲೂ ಇರಬಹುದು.

ಗಂಟು ಅಲ್ಲೇ ಬಿಟ್ಟು ಅವಳು ಮೆಟ್ಟಿಲಿಳಿದಳು.

ಫಕೀರವ್ವ ತನ್ನ ಮನೆಯ ಅಂಗಳದಲ್ಲಿ ಯಾರದೋ ಜೋಳ ಹಸನು ಮಾಡುತ್ತ ಕೂತಿದ್ದಳು. ಹತ್ತೇ ದಿನದಲ್ಲಿ ಇನ್ನಷ್ಟು ಸೊರಗಿದ್ದಳು. ಬಳೆ ಮೊಳಕೈ ತನಕ ಜಾರುತ್ತಿತ್ತು.

“ಏನು ಬಂದಿ?”

ಶಾವಂತ್ರೆವ್ವ ಇದ್ದದ್ದು ಇದ್ದ ಹಾಗೆ ಹೇಳಿದಳು. ಬೆಣ್ಣೆ ಹಚ್ಚಿ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ. ಚುಕ್ಕೆ, ವಾಸನೆ, ಐದು ತಿಂಗಳು, ಎಲ್ಲ.

ಫಕೀರವ್ವ ಮೊರವನ್ನು ಕೆಳಗಿಟ್ಟಳು. “ಮೊದಲ ಏಜೆಂಟಳು ಅಂದಿ. ಈಗ ರೋಗಿಷ್ಟಿ ಅಂತಿ. ನಾಳೆ ಬಂದು ಸತ್ತೀ ಅಂತಿ ಏನು? ಹೊಸಾಕಿ ರೊಟ್ಟಿ ದಪ್ಪ ಬರಾಕತ್ತಾವು, ಖಾನಾವಳ್ಯಾವರು ಬೈದಾರ, ಅದಕ್ಕ ಬಂದಿ. ನನಗೂ ಸಂಶಯಾ ಮಾಡಾಕ ಬರತೈತಿ, ಶಾವಂತ್ರಿ. ನಿನ್ನ ಕೂಡೆ ಹದಿನಾರು ವರ್ಷ ಇದ್ದಾಕಿ ನಾನು.”

“ಉಪವಾಸ ಉಪವಾಸ ಅಂತೀಯಲ್ಲ, ದೇವರಿಗೇನ ಅದು? ನನ್ನ ಮಾರಿ ನೋಡಿ ಹೇಳು.”

ಫಕೀರವ್ವ ಮುಖ ನೋಡಲಿಲ್ಲ. ಜೋಳಕ್ಕೆ ಹೇಳುವ ಹಾಗೆ ಹೇಳಿದಳು, “ತುತ್ತು ಇಳಿಯೂದಿಲ್ಲ. ಎದಿ ನಡುವ ನಿಲ್ಲತೈತಿ. ರೊಟ್ಟಿ ಮಾಡಾಕಿಗೆ ರೊಟ್ಟಿ ನುಂಗಾಕ ಬರೂದಿಲ್ಲ ಅಂದ್ರ ಜನಾ ನಗತಾರ.”

“ಆಸ್ಪತ್ರಿಗೆ ನಡಿ.”

“ಒಲ್ಲೆ. ನೀ ಹೇಳಿದ್ದಕ್ಕಂತೂ ಒಲ್ಲೆ.”

ಶಾವಂತ್ರೆವ್ವ ಎದ್ದು ಹೋದಳು. ಮಾರನೆಯ ಬೆಳಿಗ್ಗೆ ಫಕೀರವ್ವ ಬಾಗಿಲು ತೆರೆದರೆ ಅಂಗಳದ ತುಂಬ ಹೊಗೆ. ಎಂಟು ಮಂದಿ ಎಂಟು ಹಂಚು ಹೊತ್ತುಕೊಂಡು ಬಂದು ಕಲ್ಲು ಹೂಡಿ ಒಲೆ ಹೊತ್ತಿಸಿದ್ದರು. ಗಿರಿಜವ್ವ ಮೂಲೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಖಾನಾವಳಿಯ ಆಟೋಗಳು ಬಾಗಿಲ ಮುಂದೆ ಸಾಲುಗಟ್ಟಿದ್ದವು.

“ಏನಬೇ ಇದು!”

“ನೀ ಆಸ್ಪತ್ರಿಗೆ ಹೋಗೂ ತನಕ ರೊಟ್ಟಿಮನಿ ಇಲ್ಲೇ,” ಎಂದಳು ಶಾವಂತ್ರೆವ್ವ ಹಿಟ್ಟು ನಾದುತ್ತ.

“ಬೈಯೂದಿದ್ರ ಎಲ್ಲಾರನ್ನೂ ಒಮ್ಮೆಲೆ ಬೈದ ಬಿಡು,” ಎಂದಳು ಕಾಶಿಂಬಿ. ಕಣ್ಣು ಕೆಂಪಾಗಿತ್ತು. ಹೊಗೆಗೆ ಎಂದು ಹೇಳಿಕೊಂಡಳು. “ನನ್ನ ನಾಲಗಿಗೆ ಹುಳಾ ಬೀಳಲಿ, ಅವತ್ತ ಅಂಥಾ ಮಾತು ಅಂದಿದ್ದಕ್ಕ.”

“ನಿನ್ನ ನಾಲಗಿಯೊಳಗ ಹುಳಾ ಬದುಕಬೇಕಲ್ಲ, ತಂಬಾಕದಾಗ,” ಎಂದಳು ಫಕೀರವ್ವ. ಅದೇ ಅವಳ ಕ್ಷಮೆ. ಮೂರು ದಿನ ಹೊಗೆ ಕುಡಿದು, ನೆರೆಯವರ ಬೈಗುಳ ಕೇಳಿ, ನಾಲ್ಕನೇ ದಿನ ಅವಳೇ ಚಪ್ಪಲಿ ಮೆಟ್ಟಿಕೊಂಡಳು. ಅವಳ ಜೊತೆ ಒಬ್ಬರು ಸಾಕಿತ್ತು. ಎಂಟೂ ಜನ ಹೋದರು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಕೊಳವೆ ಇಳಿಸಿ ನೋಡಿದರು. ಅನ್ನನಾಳದಲ್ಲಿ ಗಂಟು. ಇನ್ನೂ ಸಣ್ಣದು, ಕೊಯ್ದು ಔಷಧಿ ಕೊಟ್ಟರೆ ಆಸೆ ಇದೆ, ಇನ್ನೆರಡು ತಿಂಗಳು ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು. “ಇಷ್ಟು ಮೊದಲೇ ಯಾರೂ ಬರೋದಿಲ್ಲ. ನಿಮಗೆ ಯಾರು ಹೇಳಿದ್ರು?”

“ಯಾರೂ ಹೇಳಲಿಲ್ರಿ,” ಎಂದಳು ಶಾವಂತ್ರೆವ್ವ. “ಅದಕ್ಕ ಗೊತ್ತಾತು.”

ಆಮೇಲೆ ಊರಲ್ಲಿ ಸುದ್ದಿ ಹಬ್ಬಿತು. ರೊಟ್ಟಿ ಕೊಳ್ಳಲು ಬಂದವರಿಗೆಲ್ಲ ಶಾವಂತ್ರೆವ್ವ ಒಂದೇ ಮಾತು ಹೇಳುತ್ತಿದ್ದಳು. ನಿಮ್ಮ ಫೋನು ಎಲ್ಲರ ಹತ್ತಿರ ಮಾತಾಡಿ ನಿಮ್ಮೊಬ್ಬರ ಹತ್ತಿರ ಸುಮ್ಮನಿದ್ದರೆ ಪುಣ್ಯ ಎಂದು ಕೂರಬೇಡಿ, ಆಸ್ಪತ್ರೆಗೆ ನಡೆಯಿರಿ. ಜನ ಮನೆಮನೆಯಲ್ಲಿ ಊದಿ ನೋಡಿದರು. ಮೊದಲೆಲ್ಲ ಫೋನಿನ ಬಾಯಿಗೆ ಬಟ್ಟೆ ತುರುಕುತ್ತಿದ್ದ ಗಂಡಸರು ಈಗ ಬೆಳಿಗ್ಗೆ ಎದ್ದು ಒಂದು ಸಾಬೂನಿನ ಮಾತು ಕಿವಿಗೆ ಬಿದ್ದ ಮೇಲೆಯೇ ಚಹಾ ಕುಡಿಯತೊಡಗಿದರು. ಸುಮ್ಮನಿದ್ದ ಫೋನಿನವರು ಒಬ್ಬೊಬ್ಬರಾಗಿ ಡಾಕ್ಟರಮ್ಮನ ಬಾಗಿಲಿಗೆ ಬಂದರು. ಕೆಲವರಿಗೆ ಹೊತ್ತು ಮೀರಿತ್ತು. ಕೆಲವರಿಗೆ ಮೀರಿರಲಿಲ್ಲ.

ಕಂಪನಿ ಸುಮ್ಮನಿರುತ್ತದೆಯೇ? ತಿಂಗಳೊಳಗೆ ಕಪ್ಪು ಚುಕ್ಕೆಗಳವರ ಹತ್ತಿರವೂ ಫೋನು ಮಾತಾಡತೊಡಗಿತು. ಸುದ್ದಿ ಮುಚ್ಚಲು ಹೂಡಿದ ಆಟ. ಆದರೆ ಕಪ್ಪಿನವರಿಗೆ ಹೆಸರು ಹುಡುಕಿ, ಮೂಸಿ, ಬೇರೆಬೇರೆ ಮಾತು ಕಟ್ಟುವ ಶ್ರಮ ಅದಕ್ಕೆ ಬೇಡ. ಎಲ್ಲರಿಗೂ ಒಂದೇ ಮಾತು, ಸಪ್ಪೆ ದನಿಯಲ್ಲಿ. “ಗ್ರಾಹಕರೇ, ಸಾಬೂನು ಕೊಳ್ಳಿರಿ.” ಹೆಸರಿಲ್ಲ, ಅಕ್ಕ ಇಲ್ಲ, ತಂಗಿ ಇಲ್ಲ. ಎರಡೇ ದಿನದಲ್ಲಿ ಶಾವಂತ್ರೆವ್ವ ಅದನ್ನೂ ಹಿಡಿದಳು. “ಹೆಸರ ಹಿಡದು ಕರದ್ರ ಖರೆ. ಗ್ರಾಹಕರೇ ಅಂದ್ರ ಆಸ್ಪತ್ರಿ,” ಎಂದು ಹೊಸ ಮಾತು ಹರಡಿಸಿದಳು.

ಫಕೀರವ್ವನನ್ನು ಆ ವರ್ಷವೆಲ್ಲ ಫೋನು ಗ್ರಾಹಕರೇ ಎಂದೇ ಕರೆಯಿತು. ಗಂಟು ಕೊಯ್ದರು. ಔಷಧಿ ಏರಿಸಿದರು. ತಲೆ ಬೋಳಾಯಿತು. ಅಂಬಲಿಯಿಂದ ಗಂಜಿಗೆ, ಗಂಜಿಯಿಂದ ಹಾಲಲ್ಲಿ ನೆನೆಸಿದ ಬ್ರೆಡ್ಡಿಗೆ ಬಂದಳು. ಬ್ರೆಡ್ಡು ಪೂರೈಸಿದವಳು ಶಾವಂತ್ರೆವ್ವ. ಈಗ ಕದ್ದು ತರುವ ಕೆಲಸವಿರಲಿಲ್ಲ. ಶೆಡ್ಡಿನಲ್ಲಿ ಹತ್ತನೇ ಒಲೆ ಹೂಡಿದ್ದರು, ಗಿರಿಜವ್ವನನ್ನು ಎಬ್ಬಿಸದೆ. ಫಕೀರವ್ವ ಅದರ ಮುಂದೆ ಕೂತು ಮೊದಮೊದಲು ಬರೀ ಬೆಂಕಿ ನೋಡುತ್ತಿದ್ದಳು. ಆಮೇಲೆ ಎರಡು ರೊಟ್ಟಿ, ಆಮೇಲೆ ಹತ್ತು.

ಒಂದು ಶುಕ್ರವಾರ ಮಧ್ಯಾಹ್ನ. ಸುಮಿತ್ರಾ ಯಾರದೋ ಕರೆ ಬಂತೆಂದು ಫಕೀರವ್ವನ ಬಾಯಿಗೆ ಫೋನು ಹಿಡಿದಳು. ಕರೆ ಮುಗಿಯಿತು. ಫೋನು ಕೆಳಗಿಡುವಷ್ಟರಲ್ಲಿ ಆ ಸವಿ ದನಿ.

“ಫಕೀರವ್ವಕ್ಕಾ, ಖಾರದ ರೊಟ್ಟಿ ತಿಂದೀಯಲ್ಲ ಇವತ್ತ. ಉಪ್ಪಿನಕಾಯಿ ಕಳಸ್ಲೇನು?”

ಹತ್ತೂ ಹಂಚಿನ ಮೇಲೆ ರೊಟ್ಟಿ ಹೊತ್ತಿಹೋಯಿತು, ಯಾರೂ ತೆಗೆಯಲಿಲ್ಲ. ಕಾಶಿಂಬಿ ಹೋ ಎಂದು ಕೂಗಿದಳು. ಹುಲಿಗೆವ್ವ ಅಳತೊಡಗಿದಳು.

“ತಡೀರಿ,” ಎಂದಳು ಶಾವಂತ್ರೆವ್ವ. ಅವಳ ಹುಬ್ಬು ಗಂಟಾಗಿತ್ತು. “ಹೆಸರು ಸೇರಿಸಿ ಹೇಳೂದನ್ನ ಈಗ ಕಲತಿರಬಹುದು. ಕಂಪನ್ಯಾಗ ಯಾರ ಮಾತನೂ ನಾ ನಂಬೂದಿಲ್ಲ. ಮತ್ತೊಮ್ಮೆ ಊದು.”

ಫಕೀರವ್ವ ಊದಿದಳು.

“ಫಕೀರವ್ವಕ್ಕಾ, ಹೊಸಾ ಕೂದಲಾ ಬರಾಕತ್ತಾವು, ದಾಸವಾಳದ ಎಣ್ಣಿ ಐತಿ.”

“ಇನ್ನೊಮ್ಮೆ.”

ಫೋನು ಈ ಸಲ ಸ್ವಲ್ಪ ಹೊತ್ತು ತಡೆಯಿತು. ಒಳಗೆ ಏನೋ ಮೂಸಿ, ಏನೋ ಎಣಿಸಿ, ಏನೋ ತೂಗುತ್ತಿರುವ ಹಾಗೆ. ಹತ್ತು ಮಂದಿ ಉಸಿರು ಹಿಡಿದು ಕೂತರು.

“ಫಕೀರವ್ವಕ್ಕಾ, ನಿನಗಂತನ ಒಂದು ಕುಕ್ಕರ್ ತೆಗದ ಇಟ್ಟೀನಿ. ಹತ್ತು ವರ್ಷದ ಗ್ಯಾರಂಟಿ.”

ಹುಲಿಗೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶಾವಂತ್ರೆವ್ವ ಮಾತ್ರ ಫೋನನ್ನು ಎತ್ತಿ, ತಿರುಗಿಸಿ, ಬೆನ್ನು ಹೊಟ್ಟೆ ಎಲ್ಲ ನೋಡಿದಳು. “ಸೋಮವಾರ ಡಾಕ್ಟರಮ್ಮ ಹೇಳಲಿ,” ಎಂದಳು ದನಿ ಬಿಗಿಹಿಡಿದು. “ಅಲ್ಲೀತನಕ ನಾ ನಂಬೂದಿಲ್ಲ.”

ಫಕೀರವ್ವ ಹಂಚಿನ ಮೇಲಿನ ಸುಟ್ಟ ರೊಟ್ಟಿ ತೆಗೆದು ಪಕ್ಕಕ್ಕಿಟ್ಟಳು. ಹೊಸ ಹಿಟ್ಟು ಕೈಗೆ ತೆಗೆದುಕೊಂಡಳು.

“ಹತ್ತ ಏನು?” ಎಂದಳು. “ಇಪ್ಪತ್ತ ಮಾಡತಾರೇನು ಕೇಳು.”